ಎರಡು ಗೀಟು

ಬೆಟಗೇರಿಯೊಳಗ ನಮ್ಮ ಅಂಗಡಿ
ಮೂರು ಮೆಟ್ಟಲ ಇಳದ್ರ ಸಿಗತೈತಿ.
ಮದಲ ಮಗ್ಗದ ಮನಿ. ನನ್ನ ಮೇಜಿನ ಕೆಳಗ
ಕಾಲಮಣಿ ತುಳಿಯೂ ತಗ್ಗು ಹಂಗ ಉಳದೈತಿ,
ಅದರಾಗ ಕಾಲು ಇಳಿಬಿಟ್ಟು ನಾನು
ಮದವಿ ಕಾರ್ಡು, ಖರೀದಿ ಪತ್ರ, ಶ್ರದ್ಧಾಂಜಲಿ
ದಿನಾ ಹೊಡೀತೀನಿ.

ಕೀಬೋರ್ಡು ಲಂಡನ್ನಿಂದು.
ಯಾವ ಆಫೀಸಿನವರು ಒಗದಿದ್ದರೋ,
ಹುಬ್ಬಳ್ಳಿ ಹಳೇ ಸಾಮಾನಿನ ಅಂಗಡ್ಯಾಗ
ನೂರಾ ಎಂಬತ್ತಕ್ಕ ಸಿಕ್ತು.
ಮೂರರ ನೆತ್ತಿಮ್ಯಾಲೆ ಪೌಂಡಿನ ಗುರುತೈತಿ,
ಒತ್ತಿದ್ರ ಬೀಳೂದು ಬೇಲಿ: #
ಕೀಲಿಯ ಹಣಿಬರಹ ಒಂದು,
ಹಾಳಿಮ್ಯಾಲೆ ಮೂಡೂದು ಇನ್ನೊಂದು.

ಕ್ಲಾಸಿನ್ಯಾಗ ನೀಲಗಂಗಾ ಟೀಚರು ಕಲಿಸಿದ್ದು ಬ್ಯಾರೆ.
ಟೈಪರೈಟರಿಗೆ ಸತ್ತ ಕೀಲಿ ಅಂತ ಇರತಿತ್ತು:
ಹೊಡದ್ರ ಗುರುತು ಬೀಳತೈತಿ, ಗಾಡಿ ಕದಲೂದಿಲ್ಲ,
ಮುಂದಿನ ಅಕ್ಷರ ಬಂದು ಜೋಡಿ ಆಗೂ ತನಕಾ
ಅಲ್ಲೇ ನಿಂತು ಕಾಯತೈತಿ.
ಆಮ್ಯಾಲೆ ಕಂಪ್ಯೂಟರು, ಒತ್ತಿಗೆ ಎಫ್ ಒತ್ತಂದ್ರು.
ಆಮ್ಯಾಲೆ ಇನ್‌ಸ್ಕ್ರಿಪ್ಟು, ಒತ್ತು ಡಿ ಮನಿಗೆ ನಡೀತು,
ಎಫ್‌ನ್ಯಾಗ ಗುಡಿಸು ಬಂದು ಕುಂತಿತು.
ಈಗೂ ಅವಸರದಾಗ ಅಕ್ಕ ಅಂತ ಹೊಡಿಯಾಕ ಹೋದ್ರ
ಅಕಿಕ ಆಗತಾಳ.

ಸೋಮವಾರ ಯಲ್ಲೂಸಾ ಹಬೀಬ ಬಂದ್ರು.
ಕೆಂಪು ಅರಿವ್ಯಾಗ ಕಟ್ಟಿದ ಕಿರ್ದಿ ಪುಸ್ತಕ,
ಅವರವ್ವಂದು. ಕಂಡಕಿ ಸುತ್ತಿದ ಕೂಲಿ,
ರೇಶಿಮಿ ತೂಕ, ಸೀರಿಗೆ ಬಂದದ್ದು, ಸಾಲಕ್ಕ ಹೋದದ್ದು.
‘ಅಕ್ಕತಂಗೇರು ನಾಕು ಮಂದಿ, ನಾನೊಬ್ಬ.
ಐದು ಪ್ರತಿ ಮಾಡವಾ.
ಹರಕೊಂಡು ಹಂಚಿಕೊಳ್ಳೂದು ಚಂದ ಕಾಣೂದಿಲ್ಲ.’
ಝೆರಾಕ್ಸಿನ್ಯಾಗ ಮಸಿ ಹತ್ತಲಿಲ್ಲ,
ಪೆನ್ಸಿಲಿನ ಬರಹ, ಬೆವರಿಗೆ ಮಾಸಿತ್ತು.

ಅಂಕಿ ಬಾಜೂಕ ಗೀಟು ಇದ್ದವು.
ಒಂದು ಗೀಟು ಕಾಲು, ಎರಡು ಅರ್ಧ,
ಎರಡರ ಮುಂದ ಇನ್ನೊಂದು ಮುಕ್ಕಾಲು.
ನನಗ ಗೊತ್ತಿದ್ದ ಜೋಡಿ ಗೀಟು
ಶ್ಲೋಕದ ಕಡೀಕ ನಿಂತು
ಮುಗೀತು, ಏಳ್ರಿ, ಅನ್ನೂವು.
ಇಲ್ಲೆ ಅವ ಗೀಟು
ಇನ್ನರ್ಧ ಐತಿ ಕುಂದ್ರು ಅಂತಾವು.

ಎಂಟರಿನ ನೆತ್ತಿಮ್ಯಾಲೆ ಹುಡುಕಿದೆ, ಇಲ್ಲ.
ಲಂಡನ್ನಿನವರು ಅದನ್ನ
ಎಡಗಡೆ ಶಿಫ್ಟಿನ ಬಗಲಾಗ ಇಟ್ಟಾರ.
ಸಿಕ್ಕ ಖುಷಿಗೆ ಇಂಗ್ಲೀಷ್ ಅಂಕಿಯೊಳಗ ಹೊಡದು
ಮದಲನೇ ಪ್ರೂಫ್ ತಗದೆ: 1||
ಮೊಮ್ಮಗಳು ಗಟ್ಟಿಯಾಗಿ ಓದಿತು,
‘ನೂರಾ ಹನ್ನೊಂದು!’
ಯಲ್ಲೂಸಾ ಕೆಮ್ಮು ಬರೂ ತನಕಾ ನಕ್ಕರು.
‘ಅಷ್ಟಿದ್ದಿದ್ರ ನಮ್ಮವ್ವ
ಮಗ್ಗ ಯಾಕ ಮಾರತಿದ್ಲು?’

ಮತ್ತ ಕನ್ನಡ ಅಂಕಿ. ಮತ್ತ ದಂಡದ ಗುರುತು.
ಈ ಫಾಂಟಿನ್ಯಾಗ ಇದ್ರ ಆ ಫಾಂಟಿನ್ಯಾಗ ಬರೇ ಚೌಕ ಪೆಟಿಗಿ,
ಒಂದ ಕಡೆ ಸಿಕ್ಕದ್ದನ್ನ ನಕಲು ಮಾಡಿ, ಅಂಟಿಸಿ,
ಮೂರು ಸಂಜಿ ಹೋದವು. ರೊಕ್ಕ ನೂರಾ ಐವತ್ತು.
ಕಡೀ ಹಾಳಿಯೊಳಗ ಒಂದ ಸಾಲಿತ್ತು:

ಯಲ್ಲೂಗ ಕೊಡೂದು ೧॥

ಕೆಳಗ ಜಮಾ ಇಲ್ಲ. ಕಾಟು ಹಾಕಿಲ್ಲ.
‘ಏನ್ರಿ ಇದು?’
‘ಗಾಳಿಪಟದ್ದೋ, ಸಾಲಿ ಫೀಜೋ. ನೆನಪಿಲ್ಲ.’
‘ತಗೀಲೇನ್ರಿ?’
ಬಟ್ಟು ತಂದು ಪರದೆಗೆ ಹಚ್ಚಿದರು,
ಗೀಟು ಒರಸಿ ಹೋದೀತೇನೋ ಅನ್ನೂವಂಗ ಹಗೂರಕ.
‘ಇರಲಿ ಬಿಡವಾ,
ಅವ್ವ ನನಗ ಬಾಕಿ ಅದಾಳ.’

ಅವರು ಮೆಟ್ಟಲ ಹತ್ತಿ ಹೋದರು.
ಯಾರದೋ ಮದವಿ ಕಾರ್ಡಿಗೆ ಹೊಸ ಹಾಳಿ ತಗದೆ.
ಬಿಳೀ ಪರದೆಮ್ಯಾಲೆ ಕರ್ಸರು, ಒಂದ ಗೀಟು,
ಹೊತ್ತತೈತಿ, ಆರತೈತಿ.
ಕಾಲು. ಏನಿಲ್ಲ. ಕಾಲು. ಏನಿಲ್ಲ.
ಮೇಜಿನ ಕೆಳಗ ಮಗ್ಗದ ತಗ್ಗಿನ್ಯಾಗ
ತಣ್ಣಗ
ನನ್ನವೆರಡು ಕಾಲು.